ಓದುಗರ ಪ್ರಶ್ನೆ: ಕೊಂಡು ತಂದ ಊಸರವಳ್ಳಿ ಯಾವ ಉಪಪ್ರಭೇದದ್ದು?

ಪ್ರಶ್ನೆ: ಮಾನ್ಯರೇ, ಕಳೆದ ತಿಂಗಳು ಪರಿಚಯದವರೊಬ್ಬರ ಮೂಲಕ ಎರಡು ಸಾವಿರ ರೂಪಾಯಿ ಕೊಟ್ಟು ಮಗನಿಗಾಗಿ ಒಂದು ಊಸರವಳ್ಳಿಯನ್ನು ತಂದೆ. ಅದು ಯೆಮನ್ ದೇಶದ ಜಾತಿ, ಅದರಲ್ಲಿ ಎರಡು ಉಪಪ್ರಭೇದಗಳಿವೆ ಎಂದು ಮಾರಿದವರು ಹೇಳಿದರು. ಕಾಗದಪತ್ರ ಯಾವುದೂ ಇಲ್ಲ. ಮೈ ಹಸಿರು, ತಲೆಯ ಹಿಂಭಾಗ ತುಸುವೇ ಎದ್ದಿದೆ, ಹಿಂಗಾಲಿನ ಹಿಮ್ಮಡಿಯಲ್ಲಿ ಮುಳ್ಳಿನಂಥ ಗಂಟಿದೆ. ಸ್ಕೇಲಿನ ಪಕ್ಕದಲ್ಲಿಟ್ಟು ತೆಗೆದ ಚಿತ್ರಗಳನ್ನು ಕಳಿಸಿದ್ದೇನೆ. ಇದು ಯಾವ ಉಪಪ್ರಭೇದ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನೀವು ಕೇಳಿರುವುದು ಉಪಪ್ರಭೇದದ ವಿಚಾರ, ಚಿತ್ರಗಳನ್ನು ನೋಡಿದರೆ ಪ್ರಭೇದದ ಹೆಸರಿನಲ್ಲೇ ತಕರಾರಿದೆ.

ಯೆಮನ್ ಮತ್ತು ಸೌದಿ ಅರೇಬಿಯಾದ ಊಸರವಳ್ಳಿಗೆ ಕಮೀಲಿಯೊ ಕ್ಯಾಲಿಪ್ಟ್ರೇಟಸ್ ಎಂದು ಹೆಸರು. ಅದರಲ್ಲಿ ಕ್ಯಾಲಿಪ್ಟ್ರೇಟಸ್, ಕ್ಯಾಲ್ಕರಿಫರ್ ಎಂಬ ಎರಡು ಉಪಪ್ರಭೇದಗಳನ್ನು ಹೇಳುವುದು ನಿಜ. ಮೊದಲನೆಯದರ ಗಂಡಿಗೆ ನೆತ್ತಿಯ ಮೇಲೆ ಎತ್ತರದ ಕಿರೀಟವಿದ್ದರೆ ಎರಡನೆಯದಕ್ಕೆ ಅದು ತಗ್ಗು. ತಗ್ಗು ತಲೆಯ ಯಾವ ಊಸರವಳ್ಳಿಯನ್ನಾದರೂ ಎರಡನೆಯದೆಂದು ಹೇಳಿ ಮಾರಲು ಈ ವ್ಯತ್ಯಾಸ ಅನುಕೂಲವಾಗಿಬಿಡುತ್ತದೆ. ಕಾಗದವಿಲ್ಲದ ಪ್ರಾಣಿಯ ಮೂಲಕ್ಕೆ ಮಾರುವವರ ಮಾತೊಂದೇ ಆಧಾರವೆಂದರೆ, ಅದು ಓತಿಗೆ ಬೇಲಿ ಸಾಕ್ಷಿ ಎಂದಂತೆ.

ತಲೆಗಿಂತ ಗಂಟಲನ್ನು ನೋಡುವುದು ಮೇಲು. ಯೆಮನ್ ಜಾತಿಯಲ್ಲಿ ಗದ್ದದ ಕೆಳಗೆ ಉದ್ದನೆಯ ಚೂಪು ಹುರುಪೆಗಳು ಗಡ್ಡದಂತೆ ಜೋತಿರುತ್ತವೆ. ನಿಮ್ಮ ಮೂರನೆಯ ಚಿತ್ರದಲ್ಲಿ ಅಂಥ ಗಡ್ಡವಿಲ್ಲ. ಗದ್ದದಿಂದ ಹೊಟ್ಟೆಯ ಕೊನೆಯವರೆಗೆ ಸಣ್ಣ ಶಂಕುವಿನಾಕಾರದ ಹುರುಪೆಗಳ ಸಾಲೊಂದು, ಸುಣ್ಣದ ಗೆರೆ ಎಳೆದಂತೆ ಬೆಳ್ಳಗೆ ಓಡಿದೆ. ಈ ಬಿಳಿ ಗೆರೆ ನಮ್ಮ ನಾಡಿನ ಊಸರವಳ್ಳಿಯ, ಅಂದರೆ ಕಮೀಲಿಯೊ ಝೈಲಾನಿಕಸ್‌ನ ಗುರುತು. ಯೆಮನ್ ಜಾತಿಯ ಮರಿಗಳಿಗೂ ಕಿರೀಟ ತಗ್ಗಾಗಿರುತ್ತದೆಯಲ್ಲ ಎಂದು ಕೇಳಬಹುದು. ಆದರೆ ಸ್ಕೇಲಿನ ಪ್ರಕಾರ ಮೂಗಿನಿಂದ ಬಾಲದ ತುದಿಗೆ 33 ಸೆಂಟಿಮೀಟರ್ ಇರುವ ನಿಮ್ಮ ಪ್ರಾಣಿ ಮರಿಯಲ್ಲ. ಹಿಮ್ಮಡಿಯ ಗಂಟು ಎರಡೂ ಜಾತಿಯ ಗಂಡುಗಳಲ್ಲಿ ಇರುವುದರಿಂದ ಅದು ಗಂಡೆಂದಷ್ಟೇ ತಿಳಿಯುತ್ತದೆ. ಬಣ್ಣವನ್ನಂತೂ ನಂಬಲೇಬಾರದು, ಬೆಳಕು, ಬಿಸಿ, ಭಯಕ್ಕೆ ತಕ್ಕಂತೆ ಅದು ಗಳಿಗೆಗೊಂದು ಬಗೆಯಾಗುತ್ತದೆ.

1768ರಲ್ಲಿ ಲಾರೆಂಟಿ ಎಂಬ ವಿಜ್ಞಾನಿ ಹೆಸರಿಟ್ಟ ಈ ಪ್ರಭೇದವು ಭಾರತ, ಶ್ರೀಲಂಕಾ ಮತ್ತು ಪಾಕಿಸ್ತಾನದ ಕೆಲವೆಡೆ ಇದೆ. ಇದರಲ್ಲಿ ಮಾನ್ಯವಾದ ಉಪಪ್ರಭೇದಗಳಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟೇ. ನಮ್ಮ ಕಡೆಯ ಜಾಲಿ, ಬೇವು, ಹೊಲದ ಬೇಲಿಯ ಪೊದೆಗಳಲ್ಲಿ ಇರುವ ಪ್ರಾಣಿಗೆ ನೀವು ಯೆಮನ್ನಿನ ಬೆಲೆ ತೆತ್ತಿದ್ದೀರಿ.

ಬೆಲೆಗಿಂತ ದೊಡ್ಡ ತೊಡಕೊಂದಿದೆ. ನಮ್ಮ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಯಾದ್ದರಿಂದ, ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ ಅಪರಾಧ. ಗೊತ್ತಿಲ್ಲದೆ ತಂದಿರಿ ಎಂಬುದನ್ನು ನಾನು ನಂಬುತ್ತೇನೆ. ಆದರೆ ಗೊತ್ತಾದ ಮೇಲೂ ಇಟ್ಟುಕೊಂಡರೆ ಆ ಮಾತು ನಿಲ್ಲದು. ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಯಾರಿಂದ ಹೇಗೆ ಬಂದಿತೆಂಬುದನ್ನು ಮುಚ್ಚಿಡದೆ ಹೇಳಿ ಒಪ್ಪಿಸಿರಿ. ಪ್ರಭೇದವನ್ನು ಅವರೂ ಕೈಯಲ್ಲಿ ಹಿಡಿದು ಪರಿಶೀಲಿಸಲಿ. ಚಿತ್ರ ನೋಡಿ ಹೇಳಿದ ನನ್ನ ಮಾತಿಗಿಂತ ಅದು ಗಟ್ಟಿ. ನೀವಾಗಿಯೇ ಒಯ್ದು ಯಾವುದೋ ಗುಡ್ಡದಲ್ಲಿ ಬಿಟ್ಟುಬರಬೇಡಿರಿ. ತಿಂಗಳ ಕಾಲ ಕೂಡಿಹಾಕಿದ ಪ್ರಾಣಿ ನಿತ್ರಾಣವಾಗಿರಬಹುದು.

ಒಂದು ಚಿತ್ರದಲ್ಲಿ ಅದರ ಕಣ್ಣಗುಡ್ಡೆ ಒಳಸೇರಿದಂತೆ ಕಾಣುತ್ತದೆ. ನೀರಿನ ಕೊರತೆಯಿದ್ದಾಗ ಹೀಗಾಗುತ್ತದೆ. ಬಟ್ಟಲಿನಲ್ಲಿಟ್ಟ ನೀರನ್ನು ಊಸರವಳ್ಳಿ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಸಿಬ್ಬಂದಿ ಬರುವವರೆಗೆ ಗಾಜಿನ ಪೆಟ್ಟಿಗೆಯಿಂದ ತೆಗೆದು, ಗಾಳಿಯಾಡುವ ಜಾಲರಿಯ ಗೂಡಿನಲ್ಲಿ ಬೇವಿನ ಟೊಂಗೆಯೊಂದನ್ನು ನಿಲ್ಲಿಸಿ, ನೆರಳಿನಲ್ಲಿಟ್ಟು, ಬೆಳಿಗ್ಗೆ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿರಿ.