ಕೇಳಿ, ಹೇಳ್ತೇನೆ: ಗದ್ದೆ ಬಯಲಿನ ರನ್‌ವೇ

ಪ್ರಶ್ನೆ: ನಮ್ಮ ಮಾವನವರಿಗೆ 72. ಪೊನ್ನಂಪೇಟೆ ಕಡೆ ಪುಟ್ಟ ವಿಮಾನದಲ್ಲಿ ಹತ್ತು ನಿಮಿಷ ಹಾರಿಸಿಕೊಂಡು ಬರುತ್ತಾರಂತೆ, ನಮ್ಮ ತೋಟವನ್ನು ಒಮ್ಮೆ ಮೇಲಿಂದ ನೋಡಲೇಬೇಕು ಅಂತ ಹಠ. ಬಿಪಿ ಮಾತ್ರೆ ನುಂಗುತ್ತಾರೆ. ಕಳೆದ ಭಾನುವಾರ ಹತ್ತೂವರೆಗೆ ಕರೆದುಕೊಂಡು ಹೋದರೆ ಪೈಲಟ್ ‘ಇವತ್ತು ಆಗಲ್ಲ’ ಅಂತ ವಾಪಸ್ ಕಳಿಸಿದರು. ಒಳ್ಳೇ ಬಿಸಿಲಿತ್ತು. ಸುಮ್ಮನೆ ಸತಾಯಿಸಿದರೇ?
– ಓದುಗಿ, ಅಮ್ಮತ್ತಿ

ಸತಾಯಿಸಿಲ್ಲ ತಾಯಿ. ಮುಂದಿನ ಸಲ ಹೋದಾಗ ಆ ಪೈಲಟ್‌ಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ.

ಒಳ್ಳೇ ಬಿಸಿಲೇ ಅಲ್ಲಿ ತೊಂದರೆ. ನಿಮ್ಮ ಮನೆ ಮುಂದಿನ ಕಣದಲ್ಲಿ ಈಗ ಕಾಫಿ ಒಣಗಲು ಹಾಕಿರುತ್ತೀರಿ. ಹತ್ತು ಗಂಟೆಗೆ ಅದರ ಮೇಲೆ ಬರಿಗಾಲಿಡಲು ಆಗುತ್ತದೆಯೇ? ಕಣದ ಮೇಲಿನ ಗಾಳಿಯೂ ಹಾಗೇ ಕಾದು ಮೇಲೇಳುತ್ತದೆ. ಪಕ್ಕದಲ್ಲೇ ಮರದ ನೆರಳಿನ ತೋಟ, ಅದರಾಚೆ ತೇವದ ಗದ್ದೆ. ಅಲ್ಲಿ ಗಾಳಿ ತಣ್ಣಗೆ ಕೆಳಗಿಳಿಯುತ್ತದೆ. ಇಬ್ಬರನ್ನೂ ಪೆಟ್ರೋಲನ್ನೂ ಸೇರಿಸಿ 450 ಕೆ.ಜಿ. ಮೀರದ ಈ ಪುಟ್ಟ ವಿಮಾನ, ಅಂದರೆ ಮೈಕ್ರೋಲೈಟು, ಇವೆರಡರ ನಡುವೆ ಹಾದರೆ ಮಾಕುಟ್ಟ ರಸ್ತೆಯಲ್ಲಿ ಜೀಪು ಕುಲುಕಾಡಿಕೊಂಡು ಹೋದ ಹಾಗೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದು ಕಂಡರೆ ಆ ಗಾಳಿ ಶುರುವಾಗಿದೆ ಎಂದೇ ಲೆಕ್ಕ.

ಇನ್ನೊಂದು ಕಾರಣವೂ ಇದೆ. ಪೊನ್ನಂಪೇಟೆ ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಮೇಲಿದೆ. ಬಿಸಿಲೇರಿ 28 ಡಿಗ್ರಿ ಆಯಿತೆಂದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆ ಮತ್ತು ಎಂಜಿನ್ನಿನ ಪಾಲಿಗೆ ಅದು 5,000 ಅಡಿ ಎತ್ತರವೇ. ಏಳಲು ಹೆಚ್ಚು ಓಡಬೇಕು, ಎದ್ದ ಮೇಲೂ ಏರಿಕೆ ನಿಧಾನ. ರನ್‌ವೇ ತುದಿಯಲ್ಲಿ ಸಿಲ್ವರ್ ಓಕ್ ಸಾಲು ಇದ್ದರಂತೂ ಕೇಳಬೇಡಿ. ಆದ್ದರಿಂದ ಮಾವನವರ ತೂಕ ಕೇಳಿದರೆ ಇದ್ದದ್ದನ್ನೇ ಹೇಳಿ. ಪಂದಿಕರಿ ತಿಂದ ಭಾರವನ್ನೂ ಸೇರಿಸಿ.

ಬೆಳಿಗ್ಗೆ ಆರೂವರೆಗೇ ಅಲ್ಲಿರಿ. ಆಗ ಮಂಜು ಇರುತ್ತದೆ, ಕಾಯಬೇಕಾಗುತ್ತದೆ. ಬೇಸರ ಬೇಡ, ನೋಡುವುದು ಬೇಕಾದಷ್ಟಿದೆ. ನಾನು ವಾಯುಪಡೆಯಲ್ಲಿ 20 ವರ್ಷ ಜೆಟ್ ವಿಮಾನಗಳ ರಿಪೇರಿ ಮಾಡಿದವನು, ಆದರೂ ಮೊದಲ ಸಲ ಇಂಥ ಜಾಗಕ್ಕೆ ಹೋದಾಗ ಮಗುವಿನ ಹಾಗೆ ನಿಂತು ನೋಡಿದೆ. ಒಂದು ಶೆಡ್ಡು, ಕಂಬದ ತುದಿಯಲ್ಲಿ ಗಾಳಿಚೀಲ, ಹುಲ್ಲು ಕತ್ತರಿಸಿದ ಪಟ್ಟಿ, ಅಷ್ಟೇ. ಒಬ್ಬ ಹುಡುಗ ಹಳೇ ಪಂಚೆ ಹಿಡಿದು ಬಟ್ಟೆಯ ರೆಕ್ಕೆಯ ಮೇಲಿನ ಇಬ್ಬನಿ ಒರೆಸುತ್ತಿದ್ದ. ಒಂದು ಕಡೆ ಒರೆಸಿ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಮತ್ತೆ ಒದ್ದೆ. ಹನಿ ಕೂತ ರೆಕ್ಕೆ ಸರಿಯಾಗಿ ಎತ್ತುವುದಿಲ್ಲ. ಪೈಲಟ್ ಪೆಟ್ರೋಲ್ ಸ್ವಲ್ಪವನ್ನು ಗಾಜಿನ ಬಾಟಲಿಗೆ ಬಿಟ್ಟುಕೊಂಡು ಬೆಳಕಿಗೆ ಹಿಡಿದರು. ತಳದಲ್ಲಿ ಹೆಸರುಕಾಳಿನಷ್ಟು ಒಂದು ಗುಳ್ಳೆ ಉರುಳಾಡುತ್ತಿತ್ತು. ನೀರು! ಚೆಲ್ಲಿ, ಮತ್ತೆ ಬಿಟ್ಟುಕೊಂಡು, ಮತ್ತೆ ನೋಡಿದರು. ಮೂರನೇ ಸಲ ಏನೂ ಇರಲಿಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ, ಕಿಡಿ ಹಾರಿಸಲು ಇರುವ ಎರಡು ಇಗ್ನಿಷನ್‌ಗಳಲ್ಲಿ ಒಂದೊಂದನ್ನೇ ಆಫ್ ಮಾಡಿ ಸದ್ದು ಕೇಳಿದರು. ಕೊನೆಗೆ ಹುಡುಗ ಬೈಕಿನಲ್ಲಿ ರನ್‌ವೇ ಉದ್ದಕ್ಕೂ ಹೋಗಿ ಎರಡು ದನ, ಒಂದು ನಾಯಿ ಓಡಿಸಿ ಬಂದ. ನಮ್ಮ ದೊಡ್ಡ ಏರ್‌ಬೇಸ್‌ಗಳಲ್ಲೂ ಕೆಲಸ ಇದೇ, ಜನ ಮಾತ್ರ ಇನ್ನೂರು.

ಮಾವನವರಿಗೆ ಹೇಳಬೇಕಾದ್ದು: ಈ ವಿಮಾನಕ್ಕೆ ಫ್ಯಾನು ಹಿಂದುಗಡೆ. ಜೇಬಿನಿಂದ ಜಾರಿದ್ದೆಲ್ಲ ನೇರ ಅದಕ್ಕೇ ಹೋಗುತ್ತದೆ. ಮೊಬೈಲು, ಎಲೆಅಡಿಕೆ ಚೀಲ, ಟೊಪ್ಪಿ ಎಲ್ಲ ನಿಮ್ಮ ಕೈಗೆ ಕೊಟ್ಟು ಹತ್ತಲಿ. ಚಪ್ಪಲಿ ಬೇಡವೇ ಬೇಡ, ಲೇಸು ಕಟ್ಟಿದ ಶೂ. ಸ್ವೆಟರ್ ಹಾಕಿಸಿ, ಮೇಲೆ ಚಳಿ. ಎಂಜಿನ್ ನಿಂತಿದ್ದರೂ ಆ ಫ್ಯಾನಿನ ಹತ್ತಿರ ಯಾರೂ ಸುಳಿಯಬೇಡಿ. ಬಿಪಿ ವಿಷಯ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ಪೈಲಟ್‌ಗೂ ಮುಚ್ಚಿಡದೆ ಹೇಳಿ.

ತೋಟದ ವಿಷಯ. ಈ ವಿಮಾನದ ವೇಗ ಗಂಟೆಗೆ ಹೆಚ್ಚೆಂದರೆ 80–90 ಕಿ.ಮೀ. ಹತ್ತು ನಿಮಿಷದಲ್ಲಿ ಹೋಗಿ ಬರುವುದೆಂದರೆ ಆರೇಳು ಕಿ.ಮೀ. ಆಚೆಗೆ ಮಾತ್ರ. ಅಷ್ಟರಲ್ಲಿ ಅಮ್ಮತ್ತಿ ಸಿಗುವುದಿಲ್ಲ. ಅರ್ಧ ಗಂಟೆಯ ಹಾರಾಟ ಇದೆಯೇ ಕೇಳಿ. ಇಲ್ಲದಿದ್ದರೆ ಲಕ್ಷ್ಮಣತೀರ್ಥ ಹೊಳೆ, ದೂರದಲ್ಲಿ ಬ್ರಹ್ಮಗಿರಿ ನೋಡಿ ಬರುತ್ತಾರೆ. ಮೊದಲೇ ಹೇಳಿಬಿಡಿ, ಇಳಿದ ಮೇಲೆ ‘ನಮ್ಮ ತೋಟ ತೋರಿಸಲೇ ಇಲ್ಲ’ ಅಂತ ಒಂದು ವರ್ಷ ನಿಮ್ಮನ್ನೇ ಬೈದಾರು.

ಪ್ರಶ್ನೆ: ದ್ವಿತೀಯ ಪಿಯುಸಿ, ಸೈನ್ಸ್. ಪೈಲಟ್ ಆಗಬೇಕು. ಮೈಕ್ರೋಲೈಟಲ್ಲಿ ಕಲಿತರೆ ಸಾಕಾ ಅಂಕಲ್?
– ಓದುಗ, ನಾಪೋಕ್ಲು

ಸಾಲದು ಮಗಾ. ಆದರೆ ಒಂದು ಸಲ ಹಾರಿ ನೋಡು, ಲಕ್ಷಗಟ್ಟಲೆ ಸುರಿಯುವ ಮೊದಲು ಇದು ನಿನಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಪ್ರೈವೇಟ್‌ಗೆ 17, ಸಂಬಳಕ್ಕೆ ಹಾರಿಸುವ ಕಮರ್ಷಿಯಲ್‌ಗೆ 18 ವರ್ಷ ಮತ್ತು 200 ಗಂಟೆ ಹಾರಾಟ ಬೇಕು. ಫೀಸು ಕಟ್ಟುವ ಮೊದಲು ಪೈಲಟ್‌ಗಳ ಆರೋಗ್ಯ ತಪಾಸಣೆ, ಅಂದರೆ ಕ್ಲಾಸ್ 1 ಮೆಡಿಕಲ್ ಮಾಡಿಸು. ನನಗೆ ಗೊತ್ತಿರುವ ಒಬ್ಬರು ತೋಟ ಅಡವಿಟ್ಟು ಮಗನನ್ನು ಸೇರಿಸಿದರು, ಕಣ್ಣಿನ ದೋಷ ಆಮೇಲೆ ತಿಳಿಯಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ, ಅಲ್ಲಿಂದಲೇ ವಿಚಾರಿಸಲು ಶುರುಮಾಡು.

ನನ್ನದೊಂದು ಪೆದ್ದುತನ ಕೇಳು. ಪೈಲಟ್ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೇಲೆ ಹೋದ ಮೇಲೆ ‘ಬಾರ್ ಹಿಡಿಯಿರಿ’ ಎಂದರು. ವಿಮಾನದ ಮೂಗು ಸ್ವಲ್ಪ ಕೆಳಗಾಗಲಿ ಅಂತ ಮುಂದಕ್ಕೆ ತಳ್ಳಿದೆ. ನಡೆಸಲು ಸ್ಟಿಕ್ ಇರುವ ಮಾಮೂಲಿ ವಿಮಾನದಲ್ಲಿ ಹಾಗೇ. ಇಲ್ಲಿ ಮೂಗು ಆಕಾಶಕ್ಕೆ ಎದ್ದಿತು! ಬಾರ್ ಅನ್ನುವ ಆ ಅಡ್ಡಕಂಬಿ ನೇರ ರೆಕ್ಕೆಗೇ ಸೇರಿರುತ್ತದೆ, ತಳ್ಳಿದರೆ ಮೇಲೆ, ಎಳೆದರೆ ಕೆಳಗೆ. ಎಲ್ಲ ಉಲ್ಟಾ. ಹಿಂದಿನಿಂದ ಎರಡು ಕೈ ಬಂದು ಬಾರನ್ನು ಮೆಲ್ಲಗೆ ಎಳೆದುಕೊಂಡವು. ‘ಎಲ್ಲ ಫೌಜಿಗಳೂ ಹೀಗೇ ಮಾಡೋದು’ ಅಂತ ಹೆಡ್‌ಫೋನಿನಲ್ಲಿ ನಕ್ಕರು.

ಮಡಿಕೇರಿಗೆ ಹೋದಾಗ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತದಲ್ಲಿ ಒಂದು ನಿಮಿಷ ನಿಲ್ಲು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ಮಿಸ್ಟೀರ್ ವಿಮಾನದಲ್ಲಿದ್ದರು, ಎದುರಿಗಿದ್ದದ್ದು ಅದರ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿ ತಾವೂ ಮಡಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ.

ಪ್ರಶ್ನೆ: ಜೂನ್‌ನಲ್ಲಿ ನೆಂಟರು ಬರುತ್ತಾರೆ, ಆಗ ಹಾರಬಹುದೇ?
– ಓದುಗ, ಕುಶಾಲನಗರ

ಜೂನ್‌ನಲ್ಲಿ ನೆಂಟರಿಗೆ ಕೊಡೆ ಕೊಡಿ, ಕಣಿಲೆ ಸಾರು ಬಡಿಸಿ. ಹಾರುವುದೇನಿದ್ದರೂ ಮಳೆ ಮುಗಿದು, ಪುತ್ತರಿ ಹಬ್ಬ ಕಳೆದ ಮೇಲೆ.