ಅಮ್ಮನ ಫೋನಿನೊಳಗಿನ ಇಂಗ್ಲೆಂಡ್

ಶೆಫೀಲ್ಡಿನಲ್ಲಿ ಎಂಎಸ್‌ಸಿ ಸೀಟು ಸಿಕ್ಕಿದೆ, ಆದರೆ ತೀರ್ಥಹಳ್ಳಿಯಲ್ಲಿ ಅಮ್ಮ ದಿನಾ ವಿಡಿಯೋ ನೋಡಿ "ಹೋಗೋದೇ ಬೇಡ" ಅಂತಿದ್ದಾರೆ, ಅಲ್ಲಿ ನಮ್ಮವರನ್ನು ಕಂಡರೆ ಅಷ್ಟು ಸಿಟ್ಟಾ ಅಂತ ಕೇಳಿದ್ದೀಯ. ನಾನು 2012ರಿಂದ ಅಲ್ಲೇ ಇದ್ದೇನೆ. ಈಗ ರಜೆಗೆ ಸಾಗರದ ಮನೆಗೆ ಬಂದಿದ್ದೇನೆ. ಸುಮ್ನೆ ಧೈರ್ಯ ಹೇಳುವುದಿಲ್ಲ, ಕಂಡದ್ದು ಹೇಳುತ್ತೇನೆ.

2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ 17 ವರ್ಷದ ಹುಡುಗನೊಬ್ಬ ಡ್ಯಾನ್ಸ್ ಕ್ಲಾಸಿಗೆ ನುಗ್ಗಿ ಮೂವರು ಪುಟ್ಟ ಹುಡುಗಿಯರನ್ನು ಚಾಕುವಿನಿಂದ ಕೊಂದ. ಕೆಲವೇ ಗಂಟೆಯಲ್ಲಿ, ಮೊದಲು ಟ್ವಿಟರ್ ಆಗಿದ್ದ ಎಕ್ಸ್‌ನಲ್ಲಿ ಸುಳ್ಳು ಹೆಸರೊಂದು ಓಡಿತು. ಕೊಂದವನು ದೋಣಿಯಲ್ಲಿ ಕಡಲು ದಾಟಿ ಬಂದ ವಲಸಿಗನಂತೆ. ಆದರೆ ಆ ಹುಡುಗ ಹುಟ್ಟಿದ್ದು ಬ್ರಿಟನ್ನಿನದೇ ಆದ ಕಾರ್ಡಿಫ್‌ನಲ್ಲಿ. ಆ ಸುಳ್ಳು ನಂಬಿ ಎದ್ದ ಗಲಭೆ ನಿಜ ಗೊತ್ತಾದ ಮೇಲೂ ನಿಲ್ಲಲಿಲ್ಲ. ಆಗಸ್ಟ್ 4ರ ಭಾನುವಾರ ನಮ್ಮ ಪಕ್ಕದ ರಾದರಮ್‌ನಲ್ಲಿ, ಆಶ್ರಯ ಕೇಳಿ ಬಂದವರಿದ್ದ ಹೋಟೆಲಿಗೆ ಗಲಭೆಯವರು ಬೆಂಕಿ ಇಡಲು ಹೋದರು. ಒಳಗೆ ಜನ ಇದ್ದರು. ಆ ಸಂಜೆ ನಾನು ಹಾಲು ತರಲೂ ಹೊರಗೆ ಹೋಗಲಿಲ್ಲ. ಹಾಗಾಗಿ ಅಮ್ಮನ ಹೆದರಿಕೆ ಪೂರ್ತಿ ಸುಳ್ಳು ಅನ್ನಲಾರೆ.

ಮೂರು ದಿನ ಬಿಟ್ಟು ಎಲ್ಲೆಲ್ಲಿ ಗಲಾಟೆ ಅಂತ ಒಂದು ಪಟ್ಟಿ ಮೊದಲೇ ಓಡಾಡಿತ್ತು. ಆ ದಿನ ಎಷ್ಟೋ ಅಂಗಡಿಗಳು ಮಧ್ಯಾಹ್ನವೇ ಬಾಗಿಲು ಹಾಕಿದವು. ರಾತ್ರಿ ಹೆಚ್ಚಿನ ಕಡೆ ಗಲಾಟೆಯವರು ಬರಲೇ ಇಲ್ಲ. ಅವರನ್ನು ತಡೆಯಲು ಬಂದ ಸಾವಿರಾರು ಜನರೇ ಬೀದಿ ತುಂಬಿದ್ದರು. ಈ ವಿಡಿಯೋ ಅಮ್ಮನಿಗೆ ಬಂದಿರಲಿಕ್ಕಿಲ್ಲ, ಅಲ್ವಾ?

ಬರುವುದೂ ಕಷ್ಟ. 2017ರಲ್ಲಿ, ಯಾವ ಪೋಸ್ಟನ್ನು ಹೆಚ್ಚು ತೋರಿಸಬೇಕು ಅಂತ ಲೆಕ್ಕ ಹಾಕುವಾಗ, ಫೇಸ್‌ಬುಕ್ ಒಂದು ಲೈಕಿಗೆ 1 ಅಂಕ ಕೊಟ್ಟರೆ ಸಿಟ್ಟಿನ ಮುಖದಂಥ ಇಮೋಜಿಗೆ 5 ಕೊಡುತ್ತಿತ್ತು. ಆಮೇಲೆ ಲೆಕ್ಕ ಬದಲಾಯಿತು. ಆದರೆ ನಾವು ಎಲ್ಲಿ ಬೆರಳು ನಿಲ್ಲಿಸುತ್ತೇವೋ ಅದನ್ನೇ ಮತ್ತೆ ಮತ್ತೆ ಬಡಿಸುವುದು ನಿಂತಿಲ್ಲ.

ನನ್ನ ಪಕ್ಕದ ಮನೆಯ ಮುದುಕ ದಿನಾ ದೋಣಿಯಲ್ಲಿ ಬರುವ ವಲಸಿಗರ ವಿರುದ್ಧ ಏನಾದರೂ ಹಂಚುತ್ತಾನೆ. ಕಸದ ದಿನ ನಾನು ಮರೆತರೆ ನಮ್ಮ ಡಬ್ಬವನ್ನೂ ಅವನೇ ರಸ್ತೆಗೆ ಎಳೆದಿಡುತ್ತಾನೆ. ಒಮ್ಮೆ ಕೇಳಿಯೇಬಿಟ್ಟೆ. "ನಿನಗಲ್ಲ ಮಾರಾಯ, ಅವರಿಗೆ ಹೇಳಿದ್ದು" ಅಂದ. ಆ 'ಅವರ'ಲ್ಲಿ ಒಬ್ಬರನ್ನೂ ಅವನು ಮಾತಾಡಿಸಿದ್ದಿಲ್ಲ.

ಅವನನ್ನು ಬೈಯಲು ನನಗೆ ಬಾಯಿಲ್ಲ. ಇಲ್ಲಿ ಅಂಗಳದಲ್ಲಿ ಅಡಿಕೆ ಸುಲಿತ ನಡೆದಿದೆ. ಕೈಯಲ್ಲಿ ಸುಲಿಯುವ ಮೆಟ್ಟುಗತ್ತಿ ಅಟ್ಟ ಸೇರಿದೆ, ಮಿಷನ್ ಹತ್ತಿರ ಅಸ್ಸಾಮಿನ ಮೂವರು ಹುಡುಗರು ನಿಂತಿದ್ದಾರೆ. ನಿನ್ನೆ ರಾತ್ರಿ ನಮ್ಮ ಚಿಕ್ಕಪ್ಪ ಅವರಿಗೆ ಕಾಫಿ ಕೊಟ್ಟು ಒಳಗೆ ಬಂದವನೇ, "ಅಸ್ಸಾಮಿನವರು ಅಂತ ಬರೋರೆಲ್ಲ ಯಾರೋ ಏನೋ, ಹುಷಾರು" ಎಂಬ ಫಾರ್ವರ್ಡನ್ನು ಬೆಳೆಗಾರರ ಗುಂಪಿಗೆ ತಳ್ಳಿದ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದ ಮನೆತನ ನಮ್ಮದು! ಇವನ ಅಪ್ಪನನ್ನು ಸಾಯುವ ತನಕ "ಮುಳುಗಡೆಯವರು" ಅಂತಲೇ ಕರೆದರು.

2012ರ ಆಗಸ್ಟಿನಲ್ಲಿ ಬೆಂಗಳೂರು ಸ್ಟೇಷನ್ನಿನಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿದೆ. ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲಿಗೆ ಮುಗಿಬಿದ್ದಿದ್ದರು. ಮಿಕ್ಸಿ ಡಬ್ಬ ತಬ್ಬಿ ಕೂತಿದ್ದ ಹುಡುಗನನ್ನು, ಯಾರಾದರೂ ಹೊಡೆದರಾ ಅಂತ ಕೇಳಿದೆ. "ಇಲ್ಲ, ಹೊಡೀತಾರೆ ಅಂತ ಮೆಸೇಜ್ ಬಂತು" ಅಂದ.

ನಿನ್ನ ವಿಷಯಕ್ಕೆ ಬಂದರೆ, ಇಷ್ಟು ವರ್ಷದಲ್ಲಿ ಎರಡು ಸಲ ಕಾರಿನಿಂದ ಯಾರೋ ಬೈದುಕೊಂಡು ಹೋಗಿದ್ದಾರೆ. ಬಾಡಿಗೆ ಮನೆಯ ತಲೆನೋವು ಅದಕ್ಕಿಂತ ಜಾಸ್ತಿ, ಅದನ್ನು ಈಗಲೇ ಹುಡುಕು. ಭಾನುವಾರ ತೀರ್ಥಹಳ್ಳಿಗೆ ಬರುತ್ತೇನೆ. ಅಮ್ಮನ ಫೋನ್ ನನ್ನ ಕೈಗೆ ಕೊಡು, ಆ ವಿಡಿಯೋಗಳಿಗೆಲ್ಲ 'ಆಸಕ್ತಿ ಇಲ್ಲ' ಒತ್ತುತ್ತೇನೆ. ಆಮೇಲೆ ನಮ್ಮ ಬೀದಿಯ ಫೋಟೋ ತೋರಿಸುತ್ತೇನೆ. ಎಲ್ಲದರಲ್ಲೂ ಜಿಟಿಜಿಟಿ ಮಳೆ.