‘ಶುಗರ್’ ನಮ್ಮ ಸಕ್ಕರೆಗೆ ಏನಾಗಬೇಕು?

ಪ್ರಶ್ನೆ: ನಮ್ಮದು ರಾಯಬಾಗ ತಾಲ್ಲೂಕು, ಕಬ್ಬಿನ ಬೇಸಾಯ. ಇಂಗ್ಲಿಷ್ ಮೀಡಿಯಂ ಓದುವ ಮೊಮ್ಮಗ, ‘ಅಜ್ಜಾ, ಶುಗರ್ ಅನ್ನೋದರಿಂದನ ಸಕ್ರಿ ಅನ್ನೋ ಶಬ್ದ ಹುಟ್ಟೇತಿ’ ಅಂತಾನೆ. ಗೆಳೆಯರೊಬ್ಬರು, ‘ಬ್ರಿಟಿಷರು ಇಲ್ಲಿಗೆ ಬಂದ ಮೇಲೆ ನಮ್ಮ ಸಕ್ಕರೆಯನ್ನೇ ಶುಗರ್ ಮಾಡಿಕೊಂಡರು’ ಅನ್ನುತ್ತಾರೆ. ಯಾವುದು ಖರೆ? ‘ಎಸ್’ ಬರೆದು ‘ಶ’ ಅನ್ನುವುದೇಕೆ? ಡಾಕ್ಟರು ನನಗೆ ‘ಶುಗರ್ ಐತಿ’ ಅಂದಿದ್ದಾರೆ. ಆ ಶುಗರ್ರೂ ಇದೇ ಏನು?

ಉತ್ತರ: ಅಜ್ಜಾರೆ, ಇಬ್ಬರ ಮಾತೂ ಪೂರ್ತಿ ಖರೆಯಲ್ಲ. ಶುಗರ್ ಸಕ್ಕರೆಯ ತಾಯಿಯೂ ಅಲ್ಲ, ಮಗಳೂ ಅಲ್ಲ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಆ ಅಜ್ಜಿ ಸಂಸ್ಕೃತದ ‘ಶರ್ಕರಾ’. ನಿಮ್ಮ ಗೆಳೆಯರ ಲೆಕ್ಕದಲ್ಲಿ ಇಸವಿ ಕೂಡುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಅದಕ್ಕೂ ಸುಮಾರು 300 ವರ್ಷ ಮೊದಲೇ ಇಂಗ್ಲಿಷರ ಬಾಯಲ್ಲಿ ಈ ಶಬ್ದವಿತ್ತು.

ನನಗೆ ಬಹಳ ಇಷ್ಟವಾಗುವುದು ಇದರ ಮೂಲ ಅರ್ಥ. ಶರ್ಕರಾ ಎಂದರೆ ಮೊದಲು ಸಿಹಿ ಅಲ್ಲವೇ ಅಲ್ಲ. ಹರಳುಕಲ್ಲು, ಮರಳು, ನೊರಜು. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಕಲ್ಲು ಪುಡಿಯಾಗಿ ಹೋಗುವ ಬೇನೆಗೂ ಶರ್ಕರಾ ಎಂಬ ಹೆಸರಿದೆ. ಗಾಣದ ಮನೆಯಲ್ಲಿ ನೀವೇ ಎಷ್ಟು ಸಲ ನೋಡಿದ್ದೀರೋ. ಕೊಪ್ಪರಿಗೆಯಲ್ಲಿ ಕಾದು ಕಾದು ಪಾಕವಾದ ಕಬ್ಬಿನ ಹಾಲು ಆರುತ್ತಾ ಬಂದಂತೆ ಹರಳುಗಟ್ಟುತ್ತದೆ, ಬೆರಳಲ್ಲಿ ತಿಕ್ಕಿದರೆ ತರಿತರಿ ಹತ್ತುತ್ತದೆ. ಹೆಸರಿಟ್ಟವರು ನಾಲಿಗೆಯನ್ನು ಕೇಳಲಿಲ್ಲ, ಬೆರಳನ್ನು ಕೇಳಿದರು. ಹಾಗೆ ನೋಡಿದರೆ ನಾವು ಅನ್ನುವ ಕಲ್ಲುಸಕ್ಕರೆಯಲ್ಲಿ ಎರಡು ಸಲ ಕಲ್ಲಿದೆ!

ಶರ್ಕರಾ ಪ್ರಾಕೃತದಲ್ಲಿ ‘ಸಕ್ಕರಾ’ ಆಯಿತು. ನಮ್ಮ ಸಕ್ಕರೆ, ಮರಾಠಿಯ ಸಾಖರ ಆ ದಾರಿಯಿಂದ ಬಂದವು. ಇನ್ನೊಂದು ದಾರಿ ಪಡುವಣಕ್ಕೆ ಹೋಯಿತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್. ಅರಬರು ಸಿಸಿಲಿ, ಸ್ಪೇನ್‌ಗಳಲ್ಲಿ ಕಬ್ಬು ನೆಟ್ಟರು, ಕಬ್ಬಿನ ಜೊತೆ ಶಬ್ದವೂ ಅಲ್ಲಿ ಬೇರುಬಿಟ್ಟಿತು. ಇಟಲಿಯವರು ಜುಕ್ಕೆರೊ ಅಂದರು, ಫ್ರೆಂಚರು ಸುಕ್ರ್ ಅಂದರು, ಆ ಫ್ರೆಂಚ್ ಬಾಯಿಂದ ಇಂಗ್ಲಿಷಿಗೆ ಇಳಿಯಿತು. ಗ್ರೀಕರಿಗಂತೂ ಇದು ಇನ್ನೂ ಮೊದಲೇ ಗೊತ್ತಿತ್ತು. ಮೊದಲನೆಯ ಶತಮಾನದ ವೈದ್ಯ ಡಯಾಸ್ಕೊರಿಡೀಸ್ ‘ಸಾಕ್ಖರೊನ್’ ಬಗ್ಗೆ ಬರೆದಿದ್ದಾನೆ: ಭಾರತದ ಜೊಂಡಿನಲ್ಲಿ ಸಿಗುವ ಗಟ್ಟಿ ಜೇನು, ಉಪ್ಪಿನ ಹಾಗೆ ಹಲ್ಲಿಗೆ ಪುಡಿಯಾಗುತ್ತದೆ ಎಂದು. 1879ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಕೃತಕ ಸಿಹಿ ಸ್ಯಾಕರಿನ್‌ಗೆ ಹೆಸರು ಸಿಕ್ಕಿದ್ದು ಈ ಗ್ರೀಕ್ ಕವಲಿನಿಂದಲೇ.

ಬೆಳಗಾವಿಯ ಯಾವುದಾದರೂ ಚಹಾದಂಗಡಿಯಲ್ಲಿ ಹತ್ತು ನಿಮಿಷ ಕೂತು ಕೇಳಿರಿ. ಒಬ್ಬರು ಸಕ್ರಿ ಕಮ್ಮಿ ಹಾಕ್ರಿ ಅಂತಾರೆ, ಇನ್ನೊಬ್ಬರು ಸಾಖರ, ಮತ್ತೊಬ್ಬರು ಶಕ್ಕರ್, ಕಾಲೇಜಿನ ಹುಡುಗರು ಶುಗರ್. ನಾಲ್ಕೂ ಒಂದೇ ಮನೆತನ. ಈ ಊರಿನವರಿಗೆ ಭಾಷಾಚರಿತ್ರೆ ಕಲಿಸಲು ಇದಕ್ಕಿಂತ ಒಳ್ಳೆಯ ಶಬ್ದ ನನಗೆ ಸಿಕ್ಕಿಲ್ಲ.

ನಿಮ್ಮ ಮೊಮ್ಮಗನಿಗೆ ಇನ್ನೊಂದು ಹೇಳಿರಿ. ಶಾಲೆಯಲ್ಲಿ ಬೆಲ್ಲಕ್ಕೆ ‘ಜಾಗರಿ’ ಎಂದು ಕಲಿಸುತ್ತಾರಲ್ಲ, ಅದೂ ಶರ್ಕರೆಯ ಸಂತಾನವೇ. ಕನ್ನಡದ ಸಕ್ಕರೆ, ಮಲಯಾಳಂನ ಚಕ್ಕರ ಇಂಥ ಮಾತುಗಳನ್ನು ಪಶ್ಚಿಮ ಕರಾವಳಿಯಲ್ಲಿ ಕೇಳಿದ ಪೋರ್ಚುಗೀಸರು ‘ಜಾಗರ’ ಅಂದರು, ಅವರಿಂದ ಇಂಗ್ಲಿಷರು ಪಡೆದರು. ಹಾಗಾಗಿ ಒಂದೇ ಶಬ್ದ ಇಂಗ್ಲಿಷಿಗೆ ಎರಡು ಬಾಗಿಲಿಂದ ಹೊಕ್ಕು ಎರಡು ಪದಾರ್ಥಗಳ ಹೆಸರಾಯಿತು. ಆದರೆ ‘ಬೆಲ್ಲ’ ಮತ್ತು ‘ಕಬ್ಬು’ ಈ ಮನೆತನದವಲ್ಲ, ಅಪ್ಪಟ ದ್ರಾವಿಡ. ಹಳಗನ್ನಡದ ಕರ್ಬು ನಮ್ಮ ಕಬ್ಬು. ತಮಿಳಿನಲ್ಲಿ ಕರುಂಬು, ವೆಲ್ಲಂ.

‘ಎಸ್’ ಪ್ರಶ್ನೆಗೆ ಉತ್ತರ ಚಿಕ್ಕದು. ಹಿಂದೆ ಇಂಗ್ಲಿಷರು ಇದನ್ನು ‘ಸ್ಯೂ’ ಎಂದು ಶುರುಮಾಡಿ ಅನ್ನುತ್ತಿದ್ದರು. ಸಕಾರ ಯಕಾರ ಒತ್ತಿಕೊಂಡು ‘ಶ’ ಆಯಿತು, ಕಾಗುಣಿತ ಮಾತ್ರ ಹಳೆಯದೇ ಉಳಿಯಿತು. ‘ಶ್ಯೂರ್’ ಎಂಬ ಮಾತಿನಲ್ಲೂ ಹೀಗೇ ಆಗಿದೆ. ಶರ್ಕರಾದ ಶಕಾರವೇ ಮರಳಿ ಬಂದಿದೆ ಎಂದು ಕೆಲವರು ಹಿಗ್ಗುತ್ತಾರೆ; ಅದು ಕಾಕತಾಳೀಯ.

ಇನ್ನು ನಿಮ್ಮ ಶುಗರ್. ನಮ್ಮ ಕಡೆ ಈಗ ಈ ಮಾತು ಕೇಳಿದರೆ ಮೊದಲು ನೆನಪಾಗುವುದು ಡಬ್ಬಿಯ ಸಕ್ಕರೆಯಲ್ಲ, ಕಾಯಿಲೆ. ರಸಾಯನಶಾಸ್ತ್ರದಲ್ಲಿ ಶುಗರ್ ಒಂದು ಪದಾರ್ಥದ ಹೆಸರಲ್ಲ, ಒಂದು ಕುಟುಂಬದ ಹೆಸರು. ಕಾರ್ಖಾನೆಯ ಸಕ್ಕರೆ ಸುಕ್ರೋಸ್, ಹಾಲಿನಲ್ಲಿರುವುದು ಲ್ಯಾಕ್ಟೋಸ್, ಲ್ಯಾಬಿನಲ್ಲಿ ರಕ್ತ ತೆಗೆದು ಅಳೆಯುವುದು ಗ್ಲೂಕೋಸ್. ಆರೋಗ್ಯವಂತರ ಸುಮಾರು 5 ಲೀಟರ್ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿರುವ ಗ್ಲೂಕೋಸ್ ಎಲ್ಲ ಕೂಡಿಸಿದರೂ ಒಂದು ಚಹಾ ಚಮಚದಷ್ಟು, 4-5 ಗ್ರಾಂ. ಅನ್ನ, ರೊಟ್ಟಿಯಿಂದಲೂ ದೇಹ ಅದನ್ನು ಮಾಡಿಕೊಳ್ಳುತ್ತದೆ.

ಕಬ್ಬು ಬೆಳೆಯುವ ಮನೆಗಳಲ್ಲಿ ‘ಸಕ್ರಿ ಬ್ಯಾಡ, ಬೆಲ್ಲಾದ್ರ ನಡೀತೈತಿ’ ಎಂಬ ಮಾತು ಬಹಳ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಅದೇ ಸುಕ್ರೋಸ್. ಹೊಟ್ಟೆಗೆ ಹೋದ ಮೇಲೆ ಅದೂ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಚಹಾಕ್ಕೆ ಬೆಲ್ಲ ಹಾಕಿಸಿಕೊಳ್ಳುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿರಿ, ಅಜ್ಜಾರೆ.